ಮುದಿ ನಾಯಿಯ ಕ್ಯಾನ್ಸರ್: ಯಾವ ಚಿಕಿತ್ಸೆ, ಎಲ್ಲಿಯವರೆಗೆ?

“ಡಾಕ್ಟ್ರೇ, ಇದು ನಿಮ್ಮ ನಾಯಿನೇ ಆಗಿದ್ರೆ ನೀವೇನ್ ಮಾಡ್ತಿದ್ರಿ?”

ಪಶುವೈದ್ಯರ ಮೇಜಿನ ಮುಂದೆ ನಿಂತವರು ಎಲ್ಲ ಕೇಳಿ ಮುಗಿಸಿದ ಮೇಲೆ ಕೇಳುವ ಪ್ರಶ್ನೆ ಇದು. ರಕ್ತಪರೀಕ್ಷೆಯ ಚೀಟಿ, ಸ್ಕ್ಯಾನಿಂಗ್ ಚಿತ್ರ, ಖರ್ಚಿನ ಅಂದಾಜು ಎಲ್ಲವೂ ಕೈಯಲ್ಲಿರುತ್ತವೆ. ಆದರೂ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ನಾಯಿ ಕಾಲ ಬುಡದಲ್ಲಿ ಮಲಗಿ, ತನ್ನ ಹೆಸರು ಕೇಳಿದಾಗಲೆಲ್ಲ ಬಾಲ ಆಡಿಸುತ್ತಿರುತ್ತದೆ. ಮನುಷ್ಯರಾದರೆ ತಮಗೆ ಎಂಥ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮನ್ನಣೆ ಕೊಟ್ಟಿತು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದರ ಜಾರಿಗೆ ಆದೇಶ ಹೊರಡಿಸಿತು. ನಾಯಿಯ ಪರವಾಗಿ ಬರೆಯಬೇಕಾದವರು ಮಾತ್ರ ನಾವೇ.

ನಾನೂ ಆ ಪ್ರಶ್ನೆ ಕೇಳಿದ್ದೇನೆ. ನಮ್ಮ ಲ್ಯಾಬ್ರಡಾರ್ ಬೆಳ್ಳಿಗೆ ಆಗ ಹತ್ತು ವರ್ಷ. ಆಮೇಲೆ ಓದಿದ್ದು, ವೈದ್ಯರನ್ನು ಕೇಳಿ ತಿಳಿದದ್ದು, ಅದೇ ಬೆಂಚಿನ ಮೇಲೆ ಕೂತಿದ್ದ ಬೇರೆ ಮನೆಗಳವರಿಂದ ಕಂಡುಕೊಂಡದ್ದು ಎಲ್ಲ ಸೇರಿ ಈ ಬರಹವಾಗಿದೆ.

ಹತ್ತು ವರ್ಷ ದಾಟಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಒಂದಲ್ಲ ಒಂದು ಬಗೆಯ ಕ್ಯಾನ್ಸರ್ ಬರುತ್ತದೆ ಎಂದು ಅಮೆರಿಕದ ಪಶುವೈದ್ಯಕೀಯ ಸಂಘ ಅಂದಾಜು ಮಾಡಿದೆ. ನಮ್ಮ ಹಿರಿಯರಿಗೆ ಇದು ಇಷ್ಟಾಗಿ ಕಾಣಲಿಲ್ಲ, ಏಕೆಂದರೆ ಅವರ ನಾಯಿಗಳು ಆ ವಯಸ್ಸನ್ನು ಮುಟ್ಟುತ್ತಿದ್ದುದೇ ಅಪರೂಪ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವೆ ಕಾಳಿ ಎಂಬ ಬೇಟೆನಾಯಿಗೆ ಕಲ್ಲು ನಿಲ್ಲಿಸಿದರು. ಅದು ಕಾಡುಹಂದಿಯೊಡನೆ ಸೆಣಸಿ ಹಂದಿಯ ಜೊತೆಗೇ ಸತ್ತಿತ್ತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯ ಒಡೆಯನಿಗೆ ದುಃಖವಾಗಿತ್ತು, ಆದರೆ ತೀರ್ಮಾನದ ಭಾರ ಇರಲಿಲ್ಲ. ಪಾರ್ವೊ, ಡಿಸ್ಟೆಂಪರ್, ರೇಬಿಸ್‌ಗೆ ಲಸಿಕೆ ಬಂದು, ನಾಯಿ ಬೀದಿಯಿಂದ ಮನೆಯೊಳಕ್ಕೆ ಬಂದ ಮೇಲೆ ಅದು ಹನ್ನೆರಡು, ಹದಿನಾಲ್ಕು ವರ್ಷ ಬದುಕತೊಡಗಿತು. ಆ ಹೆಚ್ಚಿನ ವರ್ಷಗಳ ಜೊತೆಗೇ ಈ ಕಾಯಿಲೆಯೂ ಬಂತು.

ತೀರ್ಮಾನ ಎಡವುವುದು ಹೆಚ್ಚಾಗಿ ಮೊದಲ ಮೆಟ್ಟಿಲಲ್ಲೇ. “ಕ್ಯಾನ್ಸರ್” ಎಂಬ ಪದ ಕಿವಿಗೆ ಬಿದ್ದ ಕೂಡಲೇ, “ವಯಸ್ಸಾಯ್ತಲ್ಲ, ಯಾಕೆ ಹಿಂಸೆ” ಎಂದು ಒಬ್ಬರು, “ಎಷ್ಟಾದ್ರೂ ಆಗಲಿ, ಉಳಿಸ್ಕೊಡಿ” ಎಂದು ಇನ್ನೊಬ್ಬರು. ಗಡ್ಡೆ ಯಾವುದೆಂದು ಇಬ್ಬರಿಗೂ ಇನ್ನೂ ಗೊತ್ತಿರುವುದಿಲ್ಲ. ಮುದಿ ಲ್ಯಾಬ್ರಡಾರ್‌ಗಳ ಚರ್ಮದಡಿ ಮೆತ್ತಗೆ ಜಾರುವ ಗಂಟುಗಳಲ್ಲಿ ಎಷ್ಟೋ ಬರಿಯ ಕೊಬ್ಬಿನ ಗಂಟುಗಳು, ಜೀವಕ್ಕೆ ಅಪಾಯವಿಲ್ಲ. ಆದರೆ ಅಂಥದೇ ಮೆತ್ತನೆಯ ಗಂಟು ಮಾಸ್ಟ್ ಸೆಲ್ ಟ್ಯೂಮರ್ ಎಂಬ ಚರ್ಮದ ಕ್ಯಾನ್ಸರ್ ಆಗಿರಲೂಬಹುದು. ಕೈಯಲ್ಲಿ ಮುಟ್ಟಿ ಹೇಳಲು ಬರುವುದಿಲ್ಲ. ಸಣ್ಣ ಸೂಜಿ ಚುಚ್ಚಿ ಕೆಲವು ಜೀವಕೋಶ ತೆಗೆದು ಸೂಕ್ಷ್ಮದರ್ಶಕದಡಿ ನೋಡುವ ಪರೀಕ್ಷೆಗೆ ಸಾಮಾನ್ಯವಾಗಿ ಅರಿವಳಿಕೆಯೂ ಬೇಕಿಲ್ಲ. ಅದರಿಂದ ಗೊತ್ತಾಗದಿದ್ದರೆ ಬಯಾಪ್ಸಿ. ಮಾಸ್ಟ್ ಸೆಲ್ ಗಡ್ಡೆ ಕೆಳದರ್ಜೆಯದಾಗಿದ್ದು, ಸುತ್ತಲಿನ ಆರೋಗ್ಯವಂತ ಚರ್ಮವನ್ನೂ ಸೇರಿಸಿ ಅಗಲವಾಗಿ ಕತ್ತರಿಸಿ ತೆಗೆದರೆ ಬಹುಪಾಲು ನಾಯಿಗಳಿಗೆ ಅಲ್ಲಿಗೇ ವಾಸಿ. ಮೇಲ್ದರ್ಜೆಯದಾದರೆ ದಾರಿಯೇ ಬೇರೆ.

ನಮ್ಮ ಊರುಗಳಲ್ಲಿ ಹೆಣ್ಣುನಾಯಿಗಳಿಗೆ ಮೊಲೆಯ ಗಡ್ಡೆ ಬಹಳ ಸಾಮಾನ್ಯ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಪಾಪವೆಂದೋ ಖರ್ಚೆಂದೋ ಮುಂದೂಡುವ ಮನೆಗಳು ಈಗಲೂ ಹೆಚ್ಚು. 1969ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮೊದಲ ಬೆದೆಗೆ ಮುನ್ನವೇ ಶಸ್ತ್ರಚಿಕಿತ್ಸೆಯಾದ ನಾಯಿಗೆ ಈ ಗಡ್ಡೆಯ ಅಪಾಯ, ಶಸ್ತ್ರಚಿಕಿತ್ಸೆ ಆಗದ ನಾಯಿಯ ಅಪಾಯದ ಶೇ. 0.5ರಷ್ಟು ಮಾತ್ರ. ಒಂದು ಬೆದೆ ಕಳೆದರೆ ಶೇ. 8, ಎರಡು ಕಳೆದರೆ ಶೇ. 26. ಈ ಅಂಕಿಗಳ ಖಚಿತತೆಯ ಬಗ್ಗೆ ಆಮೇಲೆ ತಕರಾರು ಬಂದಿದ್ದರೂ ಅವು ತೋರಿಸುವ ದಿಕ್ಕನ್ನು ಹೆಚ್ಚಿನ ವೈದ್ಯರು ಒಪ್ಪುತ್ತಾರೆ. ಬಂದ ಗಡ್ಡೆಗಳಲ್ಲಿ ಸುಮಾರು ಅರ್ಧ ಕೇಡಿಲ್ಲದವು. ಕೇಡಿನವು ಕೂಡ ಮೂರು ಸೆಂಟಿಮೀಟರಿಗಿಂತ ಚಿಕ್ಕದಿರುವಾಗಲೇ ತೆಗೆಸಿದರೆ ಒಳ್ಳೆಯ ಫಲ ಸಿಗುತ್ತದೆ. ಹುಣಸೆಬೀಜದಷ್ಟು ಇದ್ದಾಗ ಸುಮ್ಮನಿದ್ದು, ಮೂಸಂಬಿಯಷ್ಟಾಗಿ ಒಡೆದು ನಾರತೊಡಗಿದ ಮೇಲೆ ಕರೆತರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಆ ನಾಯಿಗೆ ತಿಂಗಳುಗಟ್ಟಲೆ ಸಮಯವಿತ್ತು.

ಬೀದಿಯಿಂದ ತಂದು ಸಾಕಿದ ನಾಯಿಯ ಜನನಾಂಗದಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ, ಹೂಕೋಸಿನಂಥ ಗಡ್ಡೆ ಕಂಡರೆ, ಕೈಚೆಲ್ಲಬೇಡಿ. ಅದು ನಾಯಿಯಿಂದ ನಾಯಿಗೆ ಕೂಡುವಾಗ ಹರಡುವ ಕ್ಯಾನ್ಸರ್ ಆಗಿರುವ ಸಂಭವ ಹೆಚ್ಚು. ರೋಗಾಣುವಿನ ಹಂಗಿಲ್ಲದೆ ಕ್ಯಾನ್ಸರ್ ಕೋಶಗಳೇ ಒಂದು ಮೈಯಿಂದ ಇನ್ನೊಂದಕ್ಕೆ ದಾಟಿ ಬೇರೂರುವ ವಿಚಿತ್ರ ಕಾಯಿಲೆ ಇದು. ಸಾವಿರಾರು ವರ್ಷಗಳ ಹಿಂದೆ ಏಷ್ಯಾದ ಯಾವುದೋ ಒಂದು ನಾಯಿಯಲ್ಲಿ ಹುಟ್ಟಿದ ಗಡ್ಡೆಯೇ ಇವತ್ತಿಗೂ ಜಗತ್ತಿನಾದ್ಯಂತ ಬದುಕಿದೆ ಎಂದು 2019ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ವಾರಕ್ಕೊಂದರಂತೆ ನಾಲ್ಕಾರು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಹತ್ತರಲ್ಲಿ ಒಂಬತ್ತು ನಾಯಿಗಳು ಗುಣವಾಗುತ್ತವೆ. ಮುದಿ ನಾಯಿಯೂ ಗುಣವಾಗುತ್ತದೆ. ಹೆಸರು ತಿಳಿಯದೆ “ಕ್ಯಾನ್ಸರ್ ಅಂತೆ” ಎಂದು ಬಿಟ್ಟುಬಿಟ್ಟರೆ ಆ ನಾಯಿ ನರಳಿ ಸಾಯುತ್ತದೆ.

ಇನ್ನು ವಯಸ್ಸಿನ ಮಾತು. ಒಂದಕ್ಕೆ ಏಳರಂತೆ ಗುಣಿಸುವ ಲೆಕ್ಕ ಸರಿಯಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2020ರಲ್ಲಿ ಲ್ಯಾಬ್ರಡಾರ್‌ಗಳ ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ನೋಡಿ ಕೊಟ್ಟ ಸೂತ್ರದ ಪ್ರಕಾರ ಹತ್ತು ವರ್ಷದ ನಾಯಿ ಸುಮಾರು 68ರ ಮನುಷ್ಯನಿಗೆ ಸಮ, ಹನ್ನೆರಡರದು 71ಕ್ಕೆ. ಅರವತ್ತೆಂಟರ ಅಜ್ಜನಿಗೆ ವಯಸ್ಸಾಯಿತೆಂದು ಚಿಕಿತ್ಸೆ ಬೇಡವೆನ್ನುವುದಿಲ್ಲವಲ್ಲ. ಅರಿವಳಿಕೆ, ಕೀಮೊ ತಡೆದುಕೊಳ್ಳುವುದನ್ನು ನಿರ್ಧರಿಸುವುದು ಮೂತ್ರಪಿಂಡ, ಯಕೃತ್ತು, ಹೃದಯದ ಸ್ಥಿತಿ. ಅದು ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಎಕೋದಲ್ಲಿ ಗೊತ್ತಾಗುತ್ತದೆ. ಎದೆಯ ಎಕ್ಸ್‌ರೇ ಇನ್ನೊಂದು ಕಾರಣಕ್ಕೂ ಬೇಕು: ಕ್ಯಾನ್ಸರ್ ಆಗಲೇ ಶ್ವಾಸಕೋಶಕ್ಕೆ ಹರಡಿದ್ದರೆ ಇಡೀ ಲೆಕ್ಕ ಬದಲಾಗುತ್ತದೆ. ಆದರೂ ವಯಸ್ಸನ್ನು ಪೂರ್ತಿ ಪಕ್ಕಕ್ಕಿಡಲು ಆಗದು. ಕೀಲುನೋವಿನಿಂದ ಎದ್ದೇಳಲು ಒದ್ದಾಡುವ, ಕಣ್ಣು ಮಂಜಾದ, ರಾತ್ರಿಹೊತ್ತು ದಿಕ್ಕು ತಪ್ಪಿದಂತೆ ಮನೆಯೊಳಗೇ ಸುತ್ತುವ ಹದಿನಾಲ್ಕರ ನಾಯಿಗೆ ದೊಡ್ಡ ಶಸ್ತ್ರಚಿಕಿತ್ಸೆ ಬೇಡವೆಂದರೆ ಅದು ಸೋಲಲ್ಲ.

ನಮ್ಮ ಬೆಳ್ಳಿಯದು ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ದವಡೆಯ ಕೆಳಗೆ ಎರಡೂ ಬದಿ ನೆಲ್ಲಿಕಾಯಿಯಂಥ ಗಂಟು, ಹಿಂಗಾಲ ಮಂಡಿಯ ಹಿಂದೆಯೂ. ನೋವಿಲ್ಲ, ಊಟ ಸರಿಯಾಗಿತ್ತು. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಸೂಜಿ ಪರೀಕ್ಷೆ ಮಾಡದೆ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಐದು ದಿನಕ್ಕೆ ಗಂಟುಗಳು ಕರಗಿದವು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಐದನೇ ವಾರ ಗಂಟುಗಳು ಮೊದಲಿಗಿಂತ ದೊಡ್ಡದಾಗಿ ಬಂದವು. ಆಗ ಇನ್ನೊಬ್ಬ ವೈದ್ಯರು ವಿವರಿಸಿದರು: ಬರೀ ಸ್ಟೀರಾಯ್ಡ್ ಲಿಂಫೋಮಾವನ್ನು ಕೆಲವು ವಾರ ತಣಿಸುತ್ತದೆ, ಆದರೆ ಕ್ಯಾನ್ಸರ್ ಕೋಶಗಳು ಅಷ್ಟರಲ್ಲಿ ಮದ್ದಿಗೆ ಬಗ್ಗದಿರುವುದನ್ನು ಕಲಿತಿರುತ್ತವೆ, ಆಮೇಲೆ ಕೊಡುವ ಕೀಮೊ ಅಷ್ಟು ನಾಟುವುದಿಲ್ಲ. ಗಂಟು ಕಂಡ ನಾಯಿಗೆ, ಕೀಮೊ ಕೊಡಿಸುವ ಯೋಚನೆ ಒಂದಿಷ್ಟಾದರೂ ಇದ್ದರೆ, ಪರೀಕ್ಷೆಗೆ ಮುಂಚೆ ಸ್ಟೀರಾಯ್ಡ್ ಬೇಡವೆಂದು ನೀವೇ ಬಾಯಿಬಿಟ್ಟು ಹೇಳಿ. ಈ ಒಂದು ಮಾತು ನನಗೆ ಆಗ ಗೊತ್ತಿರಲಿಲ್ಲ.

ಲಿಂಫೋಮಾಕ್ಕೆ ಚಿಕಿತ್ಸೆಯೇ ಕೊಡದಿದ್ದರೆ ನಾಲ್ಕರಿಂದ ಆರು ವಾರ. ಸ್ಟೀರಾಯ್ಡ್ ಒಂದೇ ಆದರೆ ಒಂದೆರಡು ತಿಂಗಳು. ವಿನ್‌ಕ್ರಿಸ್ಟಿನ್, ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್, ಪ್ರೆಡ್ನಿಸೋಲೋನ್ ಈ ನಾಲ್ಕನ್ನೂ ಸರದಿಯಂತೆ ನಾಲ್ಕರಿಂದ ಆರು ತಿಂಗಳು ಕೊಡುವ ಕ್ರಮದಲ್ಲಿ ಹತ್ತರಲ್ಲಿ ಎಂಟು ಒಂಬತ್ತು ನಾಯಿಗಳ ಗಂಟುಗಳು ಕರಗುತ್ತವೆ. ಬಿ ಕೋಶದ ಬಗೆಯಾದರೆ ಬದುಕು ಸುಮಾರು ಒಂದು ವರ್ಷ, ಟಿ ಕೋಶದ್ದಾದರೆ ಆರರಿಂದ ಒಂಬತ್ತು ತಿಂಗಳು. ಪೂರ್ತಿ ವಾಸಿಯಾಗುವ ನಾಯಿಗಳು ತೀರಾ ಕಡಿಮೆ. ಇಲ್ಲಿ ಕೊಳ್ಳುತ್ತಿರುವುದು ಸಮಯವನ್ನು ಎಂಬುದು ಮನೆಯವರಿಗೆಲ್ಲ ಮೊದಲೇ ತಿಳಿದಿರಬೇಕು. ಲ್ಯಾಬ್ರಡಾರ್‌ನ ಆಯಸ್ಸು ಹನ್ನೆರಡರ ಆಸುಪಾಸು, ಅದರಲ್ಲಿ ಒಂದು ವರ್ಷ ಸಣ್ಣ ಪಾಲೇನಲ್ಲ.

ವೈದ್ಯರು ಹೇಳುವ “ಒಂದು ವರ್ಷ” ಎಂಬ ಅಂಕಿಯನ್ನು ಹೇಗೆ ಕೇಳಿಸಿಕೊಳ್ಳಬೇಕು? ಅದು ನಡುವಿನ ಅಂಕಿ. ಅರ್ಧ ನಾಯಿಗಳು ಅದಕ್ಕೆ ಮುಂಚೆ ಹೋಗುತ್ತವೆ, ಅರ್ಧ ಅದನ್ನು ದಾಟುತ್ತವೆ. ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್‌ಗೆ 1982ರಲ್ಲಿ ಹೊಟ್ಟೆಯ ಅಪರೂಪದ ಕ್ಯಾನ್ಸರ್ ಬಂದಾಗ ಪುಸ್ತಕಗಳಲ್ಲಿದ್ದ ನಡುವಿನ ಅಂಕಿ ಎಂಟು ತಿಂಗಳು. ಅವರು ಇಪ್ಪತ್ತು ವರ್ಷ ಬದುಕಿದರು. ಎಲ್ಲ ನಾಯಿಗಳೂ ಗೂಲ್ಡ್ ಆಗುವುದಿಲ್ಲ. ಆದರೆ ನಿಮ್ಮ ನಾಯಿ ಯಾವ ಅರ್ಧಕ್ಕೆ ಸೇರುವ ಸಂಭವವಿದೆ, ಯಾವ ಕಾರಣಕ್ಕೆ ಎಂದು ವೈದ್ಯರನ್ನು ಕೇಳಬಹುದು, ಕೇಳಲೇಬೇಕು.

ಕೀಮೊ ಎಂದರೆ ಜನ ಹೆದರುವುದು ಮನೆಯಲ್ಲಿ ಯಾರದೋ ತಲೆಗೂದಲು ಉದುರಿದ್ದು, ವಾಂತಿ ಮಾಡಿ ಸೊರಗಿದ್ದು ನೆನಪಾಗಿ. ನಾಯಿಗೆ ಕೊಡುವ ಪ್ರಮಾಣ ಹಾಗಿರುವುದಿಲ್ಲ. ಇಲ್ಲಿನ ಗುರಿ ನೆಮ್ಮದಿಯ ದಿನಗಳು, ಹಾಗಾಗಿ ಡೋಸ್ ಕಡಿಮೆ. ಹೆಚ್ಚಿನ ತಳಿಗಳಿಗೆ ಕೂದಲು ಉದುರುವುದಿಲ್ಲ. ಪೂಡಲ್, ಶಿಹ್‌ತ್ಸು ಮೊದಲಾದ ಸದಾ ಕೂದಲು ಬೆಳೆಯುವ ತಳಿಗಳಿಗೆ ತೆಳುವಾಗುತ್ತದೆ. ಒಂದೆರಡು ದಿನ ಊಟ ಸೇರದೆ ಇರಬಹುದು, ಭೇದಿಯಾಗಬಹುದು. ಆಸ್ಪತ್ರೆಗೆ ಸೇರಿಸುವಷ್ಟು ತೊಂದರೆ ಆಗುವುದು ಕೆಲವಕ್ಕೆ ಮಾತ್ರ. ಇಂಜೆಕ್ಷನ್ ಆದ ಏಳರಿಂದ ಹತ್ತನೇ ದಿನದ ನಡುವೆ ಬಿಳಿರಕ್ತಕಣ ಇಳಿಯುತ್ತದೆ, ಆಗ ಜ್ವರ ಬಂದರೆ ಬೆಳಗಿನವರೆಗೆ ಕಾಯಬಾರದು. ಎರಡು ಮೂರು ದಿನ ಮಲಮೂತ್ರದಲ್ಲಿ ಮದ್ದಿನ ಅಂಶವಿರುವುದರಿಂದ ಕೈಗವಸು ಹಾಕಿ ತೊಳೆಯಬೇಕು, ಬಸುರಿಯರನ್ನೂ ಮಕ್ಕಳನ್ನೂ ದೂರವಿಡಬೇಕು. ಡಾಬರ್‌ಮನ್‌ಗೆ ಡಾಕ್ಸೋರುಬಿಸಿನ್ ಕೊಡುವ ಮುಂಚೆ ಹೃದಯ ನೋಡಲೇಬೇಕು. ಕೋಲಿ ತಳಿಯ ಎಷ್ಟೋ ನಾಯಿಗಳಿಗೆ ವಂಶವಾಹಿಯ ದೋಷದಿಂದಾಗಿ ವಿನ್‌ಕ್ರಿಸ್ಟಿನ್ ವಿಷವಾಗಬಲ್ಲದು.

ವಿನ್‌ಕ್ರಿಸ್ಟಿನ್ ಸಿಗುವುದು ನಮ್ಮ ಅಂಗಳದ ನಿತ್ಯಪುಷ್ಪದ, ಅಂದರೆ ಕಾಶಿ ಕಣಗಿಲೆಯ ಗಿಡದಿಂದ. ಅದನ್ನು ಹೇಳಿದರೆ “ಹಾಗಾದ್ರೆ ಎಲೆ ಅರೆದೇ ಕುಡಿಸ್ತೀವಿ” ಎನ್ನುವವರಿದ್ದಾರೆ. ದಯವಿಟ್ಟು ಬೇಡ. ರಾಶಿಗಟ್ಟಲೆ ಎಲೆಯಿಂದ ಚಿಟಿಕೆಯಷ್ಟು ಮದ್ದನ್ನು ಶುದ್ಧಮಾಡಿ ತೆಗೆದು, ಮೈಯ ಅಳತೆಗೆ ತಕ್ಕಂತೆ ಮಿಲಿಗ್ರಾಮಿನ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಡುವುದು ಬೇರೆ, ಅರೆದ ಎಲೆ ಬೇರೆ. ಅದೇ ಮದ್ದು ರಕ್ತನಾಳದಿಂದ ಹೊರಗೆ ಸೋರಿದರೂ ಅಲ್ಲಿನ ಮಾಂಸ ಕೊಳೆಯುತ್ತದೆ. ಅರಿಶಿನ, ಗೋಮೂತ್ರ, ಪರಂಗಿ ಎಲೆಯ ರಸ ಇವು ಯಾವುವೂ ನಾಯಿಯ ಕ್ಯಾನ್ಸರನ್ನು ಗುಣಪಡಿಸಿದ್ದಕ್ಕೆ ಆಧಾರವಿಲ್ಲ. ಅವುಗಳ ಹಿಂದೆ ಓಡಾಡಿದ ವಾರಗಳು ಮರಳಿ ಬರುವುದಿಲ್ಲ.

ಮೂಳೆಯ ಕ್ಯಾನ್ಸರಿನಲ್ಲಿ ಪ್ರಶ್ನೆ ಇನ್ನೂ ಕಠೋರ. ಗ್ರೇಟ್ ಡೇನ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್‌ನಂಥ ದೊಡ್ಡ ನಾಯಿಗಳ ಕಾಲಿನಲ್ಲಿ ಬರುವ ಆಸ್ಟಿಯೋಸಾರ್ಕೋಮಾ ಪತ್ತೆಯಾಗುವ ಹೊತ್ತಿಗೆ ನೂರರಲ್ಲಿ ತೊಂಬತ್ತರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹರಡಿರುತ್ತದೆ. ಕಾಲು ತೆಗೆಸಿದರೆ ನಾಲ್ಕೈದು ತಿಂಗಳು, ಜೊತೆಗೆ ಕೀಮೊ ಕೊಡಿಸಿದರೆ ಹತ್ತರಿಂದ ಹನ್ನೆರಡು. “ಕಾಲು ಕತ್ತರಿಸೋದಾ?” ಎಂದು ಮನೆ ನಡುಗುತ್ತದೆ. ಆ ನಡುಕ ನಮ್ಮದು. ಉಳಿದ ಮೂರು ಕಾಲು ಗಟ್ಟಿಯಿರುವ ನಾಯಿ ಕೆಲವೇ ದಿನಗಳಲ್ಲಿ ನಡೆಯತೊಡಗುತ್ತದೆ. ಮೂಳೆಯನ್ನು ಒಳಗಿನಿಂದ ಕೊರೆಯುತ್ತಿದ್ದ ನೋವಿನ ಬೇರೇ ಹೋದದ್ದರಿಂದ ಎಷ್ಟೋ ನಾಯಿಗಳು ಮೊದಲಿಗಿಂತ ಗೆಲುವಾಗುತ್ತವೆ. ಉಳಿದ ಕಾಲುಗಳ ಕೀಲು ಸವೆದ ಭಾರದ ಮುದಿ ನಾಯಿಗೆ ಮಾತ್ರ ಇದು ಒಗ್ಗದು. ಅದಕ್ಕೆ ಬಲವಾದ ನೋವಿನ ಮದ್ದು, ನೋವು ಮದ್ದಿಗೆ ಬಗ್ಗದಾದಾಗ ಬೀಳ್ಕೊಡುವುದು, ಇದೇ ನನಗೆ ನ್ಯಾಯವಾಗಿ ಕಾಣುತ್ತದೆ. ಕಾಲನ್ನೂ ತೆಗೆಸದೆ, ನೋವಿನ ಮದ್ದನ್ನೂ ಸರಿಯಾಗಿ ಕೊಡದೆ, “ನೋಡೋಣ” ಎಂದು ತಿಂಗಳು ದೂಡುವುದು ಇರುವ ದಾರಿಗಳಲ್ಲಿ ಅತ್ಯಂತ ಕ್ರೂರ.

ಹೆಸರು ತಿಳಿದೇ ತೀರ್ಮಾನಿಸಿ ಎಂದೆ. ಆದರೆ ಹೆಸರು ತಿಳಿಯಲು ಬಿಡುವೇ ಕೊಡದ ಕಾಯಿಲೆ ಒಂದಿದೆ. ಸಂಜೆ ವಾಕಿಂಗ್ ಹೋಗಿ ಬಂದ ನಾಯಿ ರಾತ್ರಿ ಕುಸಿದು ಬೀಳುತ್ತದೆ, ಒಸಡು ಸುಣ್ಣದಂತೆ ಬಿಳುಪು, ಹೊಟ್ಟೆ ಉಬ್ಬಿದೆ. ಗುಲ್ಮದಲ್ಲಿದ್ದ ಗಡ್ಡೆ ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯುತ್ತಿದೆ. ಗಂಟೆಯೊಳಗೆ ಹೇಳಬೇಕು: ಹೊಟ್ಟೆ ಕೊಯ್ದು ಗುಲ್ಮ ತೆಗೆಯುವುದೋ, ಅಲ್ಲೇ ಕಣ್ಣು ಮುಚ್ಚಿಸುವುದೋ. ಹೀಗೆ ಒಡೆದ ಗಡ್ಡೆಗಳಲ್ಲಿ ಹೆಚ್ಚಿನವು ಹೆಮಾಂಜಿಯೋಸಾರ್ಕೋಮಾ ಎಂಬ ರಕ್ತನಾಳದ ಕ್ಯಾನ್ಸರ್. ಅದಾಗಿದ್ದರೆ ಶಸ್ತ್ರಚಿಕಿತ್ಸೆಯ ಬಳಿಕ ಒಂದರಿಂದ ಮೂರು ತಿಂಗಳು, ಕೀಮೊ ಸೇರಿದರೆ ನಾಲ್ಕರಿಂದ ಆರು. ಆದರೆ ಒಂದು ಪಾಲು ಗಡ್ಡೆಗಳು ಕೇಡಿಲ್ಲದವು, ಗುಲ್ಮ ತೆಗೆದರೆ ಆ ನಾಯಿ ಪೂರ್ತಿ ವಾಸಿ. ಯಾವುದೆಂದು ಆ ರಾತ್ರಿ ಯಾರೂ ಹೇಳಲಾರರು. ಹೃದಯದ ಸುತ್ತ, ಯಕೃತ್ತಿನಲ್ಲಿ ಗಡ್ಡೆ ಇವೆಯೇ ಎಂದು ಅಲ್ಟ್ರಾಸೌಂಡಿನಲ್ಲಿ ನೋಡಿಸುವುದಷ್ಟೇ ಆಗ ಸಿಗುವ ನೆರವು. ಅಲ್ಲೂ ಇದ್ದರೆ ಬಿಟ್ಟುಕೊಡುವುದು ಸರಿ. ಆ ಗಂಟೆಯಲ್ಲಿ ಹೌದೆಂದವರನ್ನೂ ಬೇಡವೆಂದವರನ್ನೂ ಆಮೇಲೆ ಯಾರೂ ತಪ್ಪಿತಸ್ಥರನ್ನಾಗಿ ಮಾಡಬಾರದು, ಅವರೇ ತಮ್ಮನ್ನು ಹಾಗೆ ಮಾಡಿಕೊಳ್ಳಬಾರದು.

ಹೊಸ ಮದ್ದುಗಳ ಸುದ್ದಿಯೂ ಆಗಾಗ ಬರುತ್ತದೆ. ನಾಯಿಯ ಕ್ಯಾನ್ಸರಿಗೆಂದೇ ಅಮೆರಿಕದಲ್ಲಿ ಮೊದಲ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ. ಆಸ್ಟ್ರೇಲಿಯಾದ ಮಳೆಕಾಡಿನ ಮರವೊಂದರ ಬೀಜದಿಂದ ಬಂದ, ಮಾಸ್ಟ್ ಸೆಲ್ ಗಡ್ಡೆಗೆ ನೇರ ಚುಚ್ಚುವ ಮದ್ದಿಗೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ನಮ್ಮಲ್ಲಿ ಬಹುಮಟ್ಟಿಗೆ ಬಳಕೆಯಾಗುವುದು ಮನುಷ್ಯರ ಮೆಡಿಕಲ್ ಶಾಪಿನಲ್ಲಿ ಸಿಗುವ ಹಳೆಯ ಕೀಮೊ ಮದ್ದುಗಳೇ. ಇಲ್ಲೇ ತಯಾರಾಗುವುದರಿಂದ ಅವು ಅಷ್ಟೇನೂ ದುಬಾರಿಯಲ್ಲ. ದುಬಾರಿಯಾಗುವುದು ಮತ್ತೆ ಮತ್ತೆ ಮಾಡಿಸುವ ಪರೀಕ್ಷೆ ಮತ್ತು ಓಡಾಟ. ವಿಕಿರಣ ಚಿಕಿತ್ಸೆ ನಾಯಿಗಳಿಗೆ ಸುಲಭವಾಗಿ ಸಿಗುವಂಥದ್ದಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಚೆನ್ನೈನ ಮದ್ರಾಸ್ ಪಶುವೈದ್ಯಕೀಯ ಕಾಲೇಜುಗಳಂಥ ಬೋಧನಾ ಆಸ್ಪತ್ರೆಗಳಲ್ಲಿ ಖಾಸಗಿಗಿಂತ ಕಡಿಮೆ ಖರ್ಚಿನಲ್ಲಿ ತಜ್ಞರ ಅಭಿಪ್ರಾಯ ಸಿಗುತ್ತದೆ, ಸರದಿಯಲ್ಲಿ ಕಾಯುವ ತಾಳ್ಮೆ ಬೇಕು.

ಖರ್ಚಿಗಿಂತ ಕಡಿಮೆ ಮಾತಾಡುವ ಸಂಗತಿ ಮೈಕಸುವು. ಮಗ ಅಮೆರಿಕದಲ್ಲಿದ್ದಾನೆ, ಅವನು ತಂದು ಸಾಕಿದ ನಾಯಿ ಮೈಸೂರಿನಲ್ಲಿ ಅಪ್ಪ ಅಮ್ಮನ ಬಳಿ ಇದೆ. “ದುಡ್ಡಿನ ಚಿಂತೆ ಮಾಡಬೇಡಿ, ನಾನು ಕಳಿಸ್ತೀನಿ, ಕೀಮೊ ಕೊಡಿಸಿ” ಎನ್ನುತ್ತಾನೆ, ಪ್ರೀತಿಯಿಂದಲೇ. ಆದರೆ ಮೂವತ್ತೈದು ಕಿಲೋ ತೂಗುವ ನಾಯಿಯನ್ನು ಎರಡನೇ ಮಹಡಿಯಿಂದ ಇಳಿಸುವವರು, ನಾಯಿ ಹತ್ತಿಸಿಕೊಳ್ಳುವ ಗಾಡಿ ಹುಡುಕುವವರು, ವಾರವಾರ ರಕ್ತಪರೀಕ್ಷೆಗೆ ಕೂರುವವರು, ರಾತ್ರಿ ಎರಡಕ್ಕೆ ಎದ್ದು ಒರೆಸುವವರು ಎಪ್ಪತ್ತು ದಾಟಿದ ಇಬ್ಬರು. ಅವರು “ನಮ್ಮ ಕೈಲಾಗಲ್ಲಪ್ಪ” ಎಂದರೆ ಅದು ನಾಯಿಯ ಮೇಲಿನ ಪ್ರೀತಿ ಕಡಿಮೆಯಾದ ಮಾತಲ್ಲ. ದಿನವೂ ಆರೈಕೆ ಮಾಡುವವರ ಮಾತಿಗೆ ದೂರದಲ್ಲಿರುವವರ ಮಾತಿಗಿಂತ ಹೆಚ್ಚು ತೂಕ ಇರಬೇಕು. ಆರೈಕೆಗೆ ಆಗದ ಮನೆಗೆ ನೋವು ತಣಿಸುವ ಉಪಶಮನದ ದಾರಿ ಇದ್ದೇ ಇದೆ. ಅದೂ ಪೂರ್ಣ ಚಿಕಿತ್ಸೆಯೇ.

ಉಪಶಮನದಲ್ಲಿ ನಾವು ಎಡವುವುದು ನೋವನ್ನು ಗುರುತಿಸುವಲ್ಲಿ. ನಾಯಿ ಕುಂಯ್‌ಗುಟ್ಟದಿದ್ದರೆ ನೋವಿಲ್ಲ ಎಂದುಕೊಳ್ಳುತ್ತೇವೆ. ರಾತ್ರಿ ಏದುಸಿರು, ಮಲಗಿದಲ್ಲಿ ನೆಲೆ ನಿಲ್ಲದೆ ಮಗ್ಗುಲು ಬದಲಿಸುವುದು, ಒಂದೇ ಜಾಗ ನೆಕ್ಕುವುದು, ಮೂಲೆ ಸೇರುವುದು, ಮಂಚ ಹತ್ತುತ್ತಿದ್ದದ್ದು ನಿಲ್ಲಿಸುವುದು ಇವೆಲ್ಲ ನೋವೇ. ಮನುಷ್ಯರ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಡಬೇಡಿ, ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡ ಕೆಟ್ಟು ಸಾಯಬಹುದು. ಸ್ಟೀರಾಯ್ಡ್ ನಡೆಯುತ್ತಿರುವಾಗ ಮೆಲಾಕ್ಸಿಕಾಮ್‌ನಂಥ ನೋವಿನ ಮದ್ದೂ ಕೂಡದು. ಇನ್ನೊಂದು ಮಾತು: “ಅನ್ನ ಬಿಟ್ಟಿದೆ, ಇನ್ನು ಹೊರಡೋ ಕಾಲ” ಎಂದು ಕೈಕಟ್ಟಿ ಕೂರುವುದು ನಮ್ಮಲ್ಲಿ ರೂಢಿ. ಊಟ ಬಿಡಲು ಹೊಟ್ಟೆ ತೊಳಸುವುದೋ ನೋವೋ ಕಾರಣವಾಗಿದ್ದರೆ ಅದಕ್ಕೆ ಮದ್ದಿದೆ. ಅದನ್ನು ಕೊಟ್ಟು ನೋಡಿದ ಮೇಲೂ ತಿನ್ನದಿದ್ದರೆ ಆಗ ಆ ಮಾತು ನಿಜ.

ದಿನಗಳನ್ನು ಅಳೆಯಲು ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ಒಂದು ಪಟ್ಟಿ ಕೊಟ್ಟರು: ನೋವು, ಹಸಿವು, ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬುದು. ಒಂದೊಂದಕ್ಕೆ ಹತ್ತು ಅಂಕ, ಒಟ್ಟು 35 ದಾಟಿದರೆ ಮುಂದುವರಿಸಬಹುದು. ಅಂಕಕ್ಕಿಂತ ನನಗೆ ನೆರವಾದದ್ದು ಗೋಡೆಯ ಕ್ಯಾಲೆಂಡರ್. ಬೆಳ್ಳಿ ಗೇಟಿನವರೆಗೆ ಬಂದು ಹಾಲಿನವನನ್ನು ಮಾತಾಡಿಸಿದ ದಿನಕ್ಕೆ ಅಮ್ಮ ಕುಂಕುಮದ ಚುಕ್ಕಿ ಇಡುತ್ತಿದ್ದರು. ಕೀಮೊ ಶುರುವಾದ ಮೊದಲ ಎರಡು ತಿಂಗಳ ಪುಟಗಳು ಕೆಂಪಾಗಿದ್ದವು. ನಾಲ್ಕನೇ ತಿಂಗಳಲ್ಲಿ ಒಂದು ವಾರ ಪೂರ್ತಿ ಖಾಲಿ ಉಳಿಯಿತು. ಆ ಭಾನುವಾರ ಅಮ್ಮನೇ “ಸಾಕು ಕಣೋ, ಡಾಕ್ಟ್ರನ್ನ ಕರಿ” ಎಂದರು.

ದಯಾಮರಣವೆಂದರೆ ಕೊಲೆ ಎಂದು ಹಿಂಜರಿಯುವ ಮನೆಗಳು ಬಹಳ. ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬೀದಿನಾಯಿಗಳ ಸಂತಾನ ನಿಯಂತ್ರಣದ 2023ರ ಕೇಂದ್ರ ನಿಯಮಗಳು ಕೂಡ ಗುಣವಾಗದ ಕಾಯಿಲೆಯ, ಮಾರಣಾಂತಿಕವಾಗಿ ಗಾಯಗೊಂಡ ನಾಯಿಗೆ ಅರ್ಹ ಪಶುವೈದ್ಯರಿಂದ ನೋವಿಲ್ಲದ ಸಾವನ್ನು ಒಪ್ಪುತ್ತವೆ. ಮೊದಲು ಮಂಪರಿನ ಮದ್ದು, ಬಳಿಕ ಅರಿವಳಿಕೆಯ ಅತಿಪ್ರಮಾಣ. ಪ್ರಜ್ಞೆ ಹೋದ ಮೇಲೆಯೇ ಉಸಿರು ನಿಲ್ಲುತ್ತದೆ. ಮನೆಗೇ ಬಂದು ಮಾಡುವ ವೈದ್ಯರಿದ್ದಾರೆ. ನಾಯಿ ತನ್ನ ಚಾಪೆಯ ಮೇಲೆ, ತನ್ನವರ ಕೈ ಕೆಳಗೆ ಇರಲಿ. ನೀವು ಹೊರಗೆ ಹೋಗಬೇಡಿ, ಅದರ ಕಣ್ಣು ನಿಮ್ಮನ್ನೇ ಹುಡುಕುತ್ತಿರುತ್ತದೆ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಏಳು ವರ್ಷ ದಾಟಿದ ನಾಯಿ ಇದ್ದರೆ, ಇವತ್ತು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ದವಡೆಯ ಕೆಳಗೆ, ಭುಜದ ಮುಂದೆ, ಕಂಕುಳಲ್ಲಿ, ಮೊಲೆಗಳ ಸಾಲಿನಲ್ಲಿ, ಮಂಡಿಯ ಹಿಂದೆ ನಿಧಾನವಾಗಿ ಕೈಯಾಡಿಸಿ. ತುಟಿ ಎತ್ತಿ ಒಸಡು ನೋಡಿ. ಬಟಾಣಿಗಿಂತ ದೊಡ್ಡ ಗಂಟು ಸಿಕ್ಕಿ, ಅದು ತಿಂಗಳಾದರೂ ಕರಗದಿದ್ದರೆ ಪಶುವೈದ್ಯರ ಬಳಿ ಕರೆದುಕೊಂಡು ಹೋಗಿ ಸೂಜಿ ಪರೀಕ್ಷೆ ಮಾಡಿಸಿ.